ಅರ್ಜಿ ಹಾಕಿದ ಮೇಲೆ ಬೀಳುವ ಏಟು: ದೊಡ್ಡವರ ವಿರುದ್ಧ ಬಾಯಿಬಿಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ನಮ್ಮ ಕಬ್ಬಿನ ಗದ್ದೆಗೆ ಹೋಗುವ ಗಾಡಿದಾರಿಯಲ್ಲಿ ಒಂದು ಬೆಳಿಗ್ಗೆ ಎರಡು ಟ್ರ್ಯಾಕ್ಟರ್ ಸೈಜುಗಲ್ಲು ಸುರಿದಿತ್ತು. ಅಪ್ಪ ಎತ್ತಿನ ಹಗ್ಗ ಹಿಡಿದುಕೊಂಡು ಕಲ್ಲಿನ ಮುಂದೆ ಸುಮ್ನೆ ನಿಂತಿದ್ದರು. ಕಬ್ಬು ಕಟಾವಿಗೆ ಬಂದಿತ್ತು. ಗಾಡಿ ಒಳಗೆ ಹೋಗದಿದ್ದರೆ ಒಂದೊಂದು ಹೊರೆಯನ್ನೂ ತಲೆ ಮೇಲೆ ಹೊತ್ತು ರಸ್ತೆಗೆ ತರಬೇಕು.

ಹಿಂದಿನ ವಾರ ನಾನು ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆ. ನಮ್ಮ ಬೀದಿಗೆ ಚರಂಡಿ ಮಾಡಿಸಿದ್ದೇವೆ ಅಂತ ಬಿಲ್ ಆಗಿತ್ತು. ಬೀದಿಯಲ್ಲಿ ಚರಂಡಿ ಇರಲಿಲ್ಲ. ಅರ್ಜಿಯ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಗೆಳೆಯರಿಗೂ ಹೇಳಿರಲಿಲ್ಲ. ಆದರೆ ಬಿಲ್ ಮಾಡಿಸಿಕೊಂಡವರಿಗೆ ಗೊತ್ತಾಗಿತ್ತು. ಅಪ್ಪ ತಿರುಗಿ ನನ್ನ ಮುಖ ನೋಡಿ, "ನಿಂಗ್ಯಾಕಪ್ಪ ಬೇಕಿತ್ತು ಊರ ಉಸಾಬರಿ?" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅದಾದ ಮೇಲೆ ಮಂಡ್ಯ, ಮೈಸೂರು ಕಡೆಯ ಬೇಕಾದಷ್ಟು ಜನರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಕೆರೆ ಒತ್ತುವರಿ, ಮರಳು, ನ್ಯಾಯಬೆಲೆ ಅಂಗಡಿ, ಹಾಸ್ಟೆಲ್ ಊಟ, ಕಚೇರಿ ಲಂಚ, ಮೇಲಧಿಕಾರಿಯ ಕಾಟ. ವಿಷಯ ಬೇರೆ ಬೇರೆ, ಆದರೆ ಏಟು ಬೀಳುವ ರೀತಿ ಹೆಚ್ಚುಕಮ್ಮಿ ಒಂದೇ. ದೂರು ಹೇಗೆ ಬರೆಯಬೇಕು ಅಂತ ಹೇಳಿಕೊಡುವವರು ಸಿಗುತ್ತಾರೆ. ದೂರು ಕೊಟ್ಟ ಮಾರನೇ ದಿನ ಹೇಗೆ ಬದುಕಬೇಕು ಅಂತ ಹೇಳುವವರು ಕಮ್ಮಿ. ಇದು ಆ ಮಾರನೇ ದಿನಕ್ಕೆ ಬರೆದದ್ದು.

ಹೆಜ್ಜೆ 1: ಪೂರ್ತಿ ಗುಟ್ಟೋ, ಪೂರ್ತಿ ಬಯಲೋ, ಮೊದಲೇ ತೀರ್ಮಾನ ಮಾಡಿ

ನಾನು ಮಾಡಿದ ದೊಡ್ಡ ತಪ್ಪು ಇದೇ. ದೂರು ಕೊಟ್ಟವರು ಯಾರು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಒಂದು ರಕ್ಷಣೆ. ಊರಿಗೆಲ್ಲ ಗೊತ್ತಿದ್ದರೆ ಇನ್ನೊಂದು ರಕ್ಷಣೆ. ನಿಮಗೆ ಮತ್ತು ನೀವು ಯಾರ ಮೇಲೆ ದೂರು ಕೊಟ್ಟಿರೋ ಅವರಿಗೆ ಮಾತ್ರ ಗೊತ್ತಿದ್ದರೆ ಅದು ಎಲ್ಲಕ್ಕಿಂತ ಅಪಾಯ. ಆಗ ನಿಮ್ಮೊಬ್ಬರ ಬಾಯಿ ಮುಚ್ಚಿಸಿದರೆ ಅವರ ಕೆಲಸ ಮುಗಿಯಿತು.

ಸತ್ಯೇಂದ್ರ ದುಬೆ ಅವರ ಕಥೆ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ರಸ್ತೆ ಕಾಮಗಾರಿಯ ಅವ್ಯವಹಾರದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮಂಜುನಾಥ್ ಷಣ್ಮುಗಂ ನಮಗೆ ಇನ್ನೂ ಹತ್ತಿರದವರು. ಕೆಜಿಎಫ್ ಕಡೆಯ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆಯ ಪೆಟ್ರೋಲ್ ಬಂಕ್‌ಗೆ ಬೀಗ ಹಾಕಿಸಿದರು. 2005ರ ನವೆಂಬರ್ 19ರಂದು ಅವರನ್ನು ಕೊಂದರು. ಮಾನಸಗಂಗೋತ್ರಿ ಕಡೆ ಹೋದಾಗಲೆಲ್ಲ ಆ ಕಾಲೇಜಿನ ಗೇಟು ನೋಡಿ ಒಂದು ಕ್ಷಣ ನಿಲ್ಲುತ್ತೇನೆ.

ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಹಳ್ಳಿಯ ದೂರಿಗೆ ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಆದರೆ ನಿಮ್ಮ ಹೆಸರು ಹೊರಗೆ ಬರುವ ದಿನ ಯಾವುದು ಅನ್ನುವುದನ್ನು ನೀವು ನಿರ್ಧರಿಸಬೇಕು, ಗುಮಾಸ್ತರು ನಿರ್ಧರಿಸಬಾರದು. ನನ್ನ ಅನುಭವದಲ್ಲಿ ಮೈಸೂರು ನಗರದ ದೊಡ್ಡ ಕಚೇರಿ, ಕಾರ್ಖಾನೆಯೊಳಗೆ ಗುಟ್ಟು ಸ್ವಲ್ಪ ಕಾಲ ಉಳಿಯುತ್ತದೆ. ಹಳ್ಳಿಯಲ್ಲಿ ಉಳಿಯುವುದಿಲ್ಲ. ಹಳ್ಳಿಯವರು ಬಯಲಿನ ದಾರಿಯನ್ನೇ ಹಿಡಿಯುವುದು ವಾಸಿ.

ಹೆಜ್ಜೆ 2: ನಿಮ್ಮ ಜುಟ್ಟು ಯಾರ ಕೈಯಲ್ಲಿದೆ, ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ಯಾರ್ಯಾರ ಸಹಿ, ಯಾರ್ಯಾರ ದಯೆ ನಿಮ್ಮ ಮನೆಗೆ ಬೇಕು ಅಂತ ಬರೆಯಿರಿ. ಖಾತೆ ಬದಲಾವಣೆ ಬಾಕಿ ಇದೆಯಾ? ಇ-ಸ್ವತ್ತು ಆಗಬೇಕಾ? ಅಮ್ಮನ ಪಿಂಚಣಿ, ರೇಷನ್ ಕಾರ್ಡ್, ಮಗಳ ಜಾತಿ-ಆದಾಯ ಪ್ರಮಾಣಪತ್ರ? ಕಬ್ಬಿನ ಕಟಾವು ಪರ್ಮಿಟ್? ನಾಲೆ ತೂಬಿನ ನೀರು? ಗದ್ದೆಯ ದಾರಿ ಯಾರ ಜಮೀನಿನ ಬದಿಯಲ್ಲಿ ಹೋಗುತ್ತದೆ? ಸೊಸೈಟಿ ಸಾಲ ಕಟ್ಟುವುದು ಬಾಕಿಯಾ? ಬೈಕಿನ ಇನ್ಶೂರೆನ್ಸ್ ಮುಗಿದಿದೆಯಾ?

ಇಷ್ಟೆಲ್ಲ ಯಾಕೆ ಅಂದರೆ, ಮೊದಲ ಏಟು ಯಾವತ್ತೂ ದೊಣ್ಣೆಯದಲ್ಲ. ಕಾಗದದ್ದು. ಫೈಲು ಟೇಬಲ್ಲಿನಿಂದ ಮುಂದಕ್ಕೆ ಹೋಗುವುದಿಲ್ಲ. ಪರ್ಮಿಟ್ ಒಂದು ತಿಂಗಳು ತಡವಾಗುತ್ತದೆ, ಕಬ್ಬಿಗೆ ಸೂಲಂಗಿ ಬಂದು ತೂಕ ಇಳಿಯುತ್ತದೆ. ಯಾರೂ ನಿಮ್ಮನ್ನು ಮುಟ್ಟಿಲ್ಲ, ಆದರೆ ವರ್ಷದ ದುಡಿಮೆ ಹೋಯಿತು. ಪಟ್ಟಿಯಲ್ಲಿ ಬರೆದದ್ದರಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ದೂರು ಕೊಡುವ ಮೊದಲೇ ಮುಗಿಸಿಕೊಳ್ಳಿ. ಪಹಣಿ, ಖಾತೆ, ಗ್ರಾಮ ನಕಾಶೆಯ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ಮನೆ ತೆರಿಗೆ, ನೀರಿನ ಬಿಲ್ ಕಟ್ಟಿ ರಸೀದಿ ಜೋಪಾನ ಮಾಡಿ. ನಿಮ್ಮ ಮನೆಯೇ ರಸ್ತೆಗೆ ಒಂದಡಿ ಬಂದಿದ್ದರೆ ಅದು ಮೊದಲ ದಿನವೇ ಹೊರಗೆ ಬರುತ್ತದೆ ಅಂತ ಗೊತ್ತಿರಲಿ.

ಆಮೇಲೆ ಮನೆಯವರ ಜೊತೆ ಕೂತು ಮಾತಾಡಿ. ಅಪ್ಪ, ಅಮ್ಮ, ಹೆಂಡತಿ ಅಥವಾ ಗಂಡ, ಬೇರೆ ಊರಲ್ಲಿರುವ ಅಣ್ಣತಮ್ಮಂದಿರು. "ಹೀಗೊಂದು ಅರ್ಜಿ ಹಾಕ್ತೀನಿ, ಇಂಥವರು ಬಂದು ಹೀಗೆ ಹೇಳಬಹುದು" ಅಂತ ಮೊದಲೇ ಹೇಳಿ. ಒತ್ತಡ ನೇರವಾಗಿ ನಿಮ್ಮ ಮೇಲೆ ಬರುವುದಿಲ್ಲ. ಭಾವಮೈದುನನಿಗೆ ಫೋನ್ ಹೋಗುತ್ತದೆ. ಅತ್ತೆ ಮನೆಗೆ ಸುದ್ದಿ ಹೋಗುತ್ತದೆ. ಗೊತ್ತಿಲ್ಲದ ಮನೆಯವರು ಆ ಫೋನಿಗೆ ಹೆದರುತ್ತಾರೆ. ಗೊತ್ತಿದ್ದವರು ದಿನಾಂಕ ಬರೆದುಕೊಳ್ಳುತ್ತಾರೆ.

ಹೆಜ್ಜೆ 3: ಕಾಗದ ಕೈಗೆ ಬರುವವರೆಗೆ ಮಾತು ಬೇಡ

ಟೀ ಅಂಗಡಿಯಲ್ಲಿ "ನೋಡ್ತಾ ಇರಿ, ಇವರದೆಲ್ಲ ಬಯಲಿಗೆ ಎಳೀತೀನಿ" ಅಂದರೆ ಸಂಜೆಯೊಳಗೆ ಫೈಲು ತಿದ್ದುಪಡಿ ಆಗಿರುತ್ತದೆ. ಮೊದಲು ಕಾಗದ.

ಹೆಸರು ಕೊಡದೆ ಸಿಗುವುದನ್ನು ಮೊದಲು ತೆಗೆದುಕೊಳ್ಳಿ. ಪಂಚಾಯಿತಿಯ ಕಾಮಗಾರಿ, ಪಾವತಿಯ ಎಷ್ಟೋ ವಿವರ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲೇ ಇರುತ್ತದೆ. ಮೊಬೈಲಿನಲ್ಲಿ ನೋಡಿ ಪ್ರಿಂಟ್ ತೆಗೆದುಕೊಳ್ಳಬಹುದು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಅವತ್ತು ಲೆಕ್ಕಪತ್ರ ಜನರ ಮುಂದೆ ಇಡಬೇಕು. ಅಲ್ಲಿ ಐದಾರು ಜನ ಒಟ್ಟಿಗೆ ಕೇಳಿದ ಪ್ರಶ್ನೆ ನಡಾವಳಿಯಲ್ಲಿ ಸೇರುತ್ತದೆ. ಒಬ್ಬರ ಹೆಸರಿಗೆ ಅಂಟುವುದಿಲ್ಲ.

ಅದು ಸಾಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ಹತ್ತು ವಿಷಯ ತುಂಬಿದರೆ ಅದೇ ಕಾರಣ ಹೇಳಿ ವಾಪಸ್ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಕೊಡಬೇಕು. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು.

ಏನು ಕೇಳಬೇಕು ಅನ್ನುವುದು ಮುಖ್ಯ. "ಚರಂಡಿ ಯಾಕೆ ಮಾಡಿಲ್ಲ?" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ಹಿಂಬರಹ ಬರುತ್ತದೆ. ಕ್ರಿಯಾಯೋಜನೆಯ ಪ್ರತಿ, ಅಂದಾಜು ಪಟ್ಟಿ, ಎಂ.ಬಿ. ಅಂದರೆ ಅಳತೆ ಪುಸ್ತಕದ ಆ ಪುಟ, ಬಿಲ್ ಮತ್ತು ವೋಚರ್, ಕಾಮಗಾರಿಯ ಫೋಟೊ ಕೇಳಿ. ನಾನು ಜೀವಮಾನದಲ್ಲಿ ಮರೆಯದ ಕಾಗದ ಅಂದರೆ ಆ ಎಂ.ಬಿ. ಪುಟ. ಇಲ್ಲದ ಚರಂಡಿಗೆ ಉದ್ದ, ಅಗಲ, ಆಳ ನೀಟಾಗಿ ಬರೆದಿತ್ತು. ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಇತ್ತು.

ಮಾಹಿತಿ ಯಾಕೆ ಬೇಕು ಅಂತ ನೀವು ಹೇಳಬೇಕಾಗಿಲ್ಲ. ಕಾಯ್ದೆಯ 6(2)ನೇ ಸೆಕ್ಷನ್ ಪ್ರಕಾರ ಸಂಪರ್ಕಕ್ಕೆ ಬೇಕಾದಷ್ಟು ವಿವರ ಬಿಟ್ಟು ಬೇರೇನೂ ಕೇಳುವಂತಿಲ್ಲ. ದೇಶದ ಯಾವ ನಾಗರಿಕರೂ ಯಾವ ಊರಿನ ಮಾಹಿತಿಯನ್ನೂ ಕೇಳಬಹುದು. ಅಂದರೆ ಬೆಂಗಳೂರಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಒಪ್ಪಿದರೆ ಅವರ ಹೆಸರಲ್ಲೇ, ಅವರ ಸಹಿಯಲ್ಲೇ ಅರ್ಜಿ ಹೋಗಬಹುದು. ಸುಳ್ಳು ಹೆಸರು ಮಾತ್ರ ಹಾಕಬೇಡಿ, ಮೇಲ್ಮನವಿಯಲ್ಲಿ ಸಿಕ್ಕಿಬೀಳುತ್ತೀರಿ. ನಾನು ಇದೊಂದು ಮಾಡಿದ್ದರೆ ಅಪ್ಪ ಅವತ್ತು ಕಲ್ಲಿನ ಮುಂದೆ ನಿಲ್ಲಬೇಕಾಗಿರಲಿಲ್ಲ.

ಕಾಗದ ಸಿಕ್ಕ ದಿನವೇ ಮೂರು ಸೆಟ್ ಜೆರಾಕ್ಸ್ ಮಾಡಿ. ಒಂದು ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಒಂದು ವಕೀಲರ ಹತ್ತಿರ. ಸ್ಥಳದ ಫೋಟೊ, ವಿಡಿಯೊ ತೆಗೆದಿದ್ದರೆ ಮೂಲ ಫೈಲನ್ನು ಫೋನಿನಲ್ಲಿ ಹಾಗೇ ಬಿಡಿ. ಕತ್ತರಿಸಬೇಡಿ, ಮೇಲೆ ಅಕ್ಷರ ಹಾಕಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಮೂಲಕ್ಕೆ ಸಮ ಅಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೋನ್ ನಿಮ್ಮ ಹತ್ತಿರ ಇರಬೇಕು.

ಹೆಜ್ಜೆ 4: ದೂರು ಬರೆಯುವಾಗ ಸಿಟ್ಟು ಹೊರಗಿಡಿ

"ಕಳ್ಳ", "ಲೂಟಿಕೋರ", "ಭ್ರಷ್ಟ" ಇವೆಲ್ಲ ನಿಜವೇ ಇರಬಹುದು. ಆದರೆ ಈ ಪದಗಳೇ ನಾಳೆ ನಿಮ್ಮ ಮೇಲೆ ಮಾನನಷ್ಟದ ಕೇಸ್ ಆಗುತ್ತವೆ. "ಇಂಥ ದಿನಾಂಕದ ವೋಚರ್‌ನಲ್ಲಿ ಇಷ್ಟು ಹಣ ಪಾವತಿಯಾಗಿದೆ. ಸ್ಥಳದಲ್ಲಿ ಕಾಮಗಾರಿ ಕಾಣುವುದಿಲ್ಲ. ಫೋಟೊ ಲಗತ್ತಿಸಿದೆ. ತನಿಖೆ ಮಾಡಬೇಕೆಂದು ಕೋರುತ್ತೇನೆ." ಇಷ್ಟು ಸಾಕು. ಇದಕ್ಕೆ ಉತ್ತರ ಕೊಡುವುದು ಅವರಿಗೆ ಕಷ್ಟ. ವಾಟ್ಸ್‌ಆ್ಯಪ್ ಸ್ಟೇಟಸ್, ಫೇಸ್‌ಬುಕ್‌ಗೂ ಇದೇ ಮಾತು. ದೂರಿನಲ್ಲಿ ಇಲ್ಲದ್ದನ್ನು ಅಲ್ಲಿ ಬರೆಯಬೇಡಿ.

ಸಹಿ ಒಂದೇ ಇರದಿರಲಿ. ಹತ್ತು ಮನೆಯವರ ಸಹಿ ಸಿಗದಿದ್ದರೆ ಐದು, ಐದು ಸಿಗದಿದ್ದರೆ ಎರಡು. ಜಾತಿ, ಪಕ್ಷ ಬೇರೆ ಬೇರೆಯಾದವರು ಸೇರಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಯಾವ ದೂರನ್ನಾದರೂ "ಅವನು ಆ ಪಾರ್ಟಿಯವನು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಎರಡು ಪಾರ್ಟಿಯವರ ಸಹಿ ಇದ್ದರೆ ಆ ಮಾತು ನಡೆಯುವುದಿಲ್ಲ.

ದೂರು ಕೊಡುವಾಗ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಪ್ರತಿಗಳು ಯಾರಿಗೆ ಹೋಗಿವೆ ಅಂತ ಕೆಳಗೆ ಬರೆಯಿರಿ: ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ ಸಿಇಒ, ಲೋಕಾಯುಕ್ತ. ಆ ಹೆಸರುಗಳನ್ನು ಓದಿದ ಮೇಲೆ ನಿಮ್ಮೊಬ್ಬರನ್ನು ಹೆದರಿಸಿ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತಾಗುತ್ತದೆ.

ಹೆಜ್ಜೆ 5: ಯಾವ ಬಾಗಿಲು ತಟ್ಟಬೇಕು

ರಾಜ್ಯ ಸರ್ಕಾರದ ನೌಕರರು, ಪಂಚಾಯಿತಿ, ಪಾಲಿಕೆ, ನಿಗಮಗಳ ವಿಷಯಕ್ಕೆ ಲೋಕಾಯುಕ್ತ. 1984ರ ಕಾಯ್ದೆ ಪ್ರಕಾರ ದೂರಿನ ಜೊತೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಲಗತ್ತಿಸಬೇಕು. ಅವ್ಯವಹಾರದ ಆರೋಪವಾದರೆ 5 ವರ್ಷದೊಳಗಿನದ್ದಾಗಿರಬೇಕು. ಕೆಲಸ ಮಾಡಿಕೊಡುತ್ತಿಲ್ಲ ಅನ್ನುವಂಥ ಕುಂದುಕೊರತೆಯಾದರೆ ವಿಷಯ ಗೊತ್ತಾದ 6 ತಿಂಗಳೊಳಗೆ. 2016ರಿಂದ ಲಂಚದ ಕೇಸು ನೋಡುತ್ತಿದ್ದ ಎಸಿಬಿಯನ್ನು, ಅಂದರೆ ಭ್ರಷ್ಟಾಚಾರ ನಿಗ್ರಹ ದಳವನ್ನು, ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಈಗ ಲಂಚದ ದೂರು ಕೂಡ ಲೋಕಾಯುಕ್ತ ಪೊಲೀಸರಿಗೇ. ಮೈಸೂರು, ಮಂಡ್ಯ ಎರಡರಲ್ಲೂ ಅವರ ಕಚೇರಿ ಇದೆ. ಒಂದು ಎಚ್ಚರಿಕೆ: ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಕೊಡುವ ಮೊದಲೇ ಹೋಗುವುದು ಉತ್ತಮ.

ರೈಲ್ವೆ, ರಾಷ್ಟ್ರೀಕೃತ ಬ್ಯಾಂಕ್, ಕೇಂದ್ರದ ಸಂಸ್ಥೆಗಳ ವಿಷಯವಾದರೆ ಕೇಂದ್ರ ಜಾಗೃತ ಆಯೋಗ. ದುಬೆ ಅವರ ಕೊಲೆಯ ನಂತರ 2004ರಲ್ಲಿ ಹೊರಡಿಸಿದ ಪಿಐಡಿಪಿಐ, ಅಂದರೆ ಮಾಹಿತಿ ಕೊಟ್ಟವರ ರಕ್ಷಣೆಯ ನಿರ್ಣಯದಡಿ ಅವರು ಹೆಸರು ಗುಟ್ಟಾಗಿಡುತ್ತಾರೆ. ಮುಚ್ಚಿದ ಲಕೋಟೆಯ ಮೇಲೆ ಪಿಐಡಿಪಿಐ ಅಂತ ಬರೆಯಬೇಕು. ಲಕೋಟೆಯ ಮೇಲೆ ನಿಮ್ಮ ಹೆಸರು, ವಿಳಾಸ ಬೇಡ, ಒಳಗಿನ ಪತ್ರದಲ್ಲಿ ಇರಬೇಕು. ಅನಾಮಧೇಯ ಪತ್ರ ತೆಗೆದುಕೊಳ್ಳುವುದಿಲ್ಲ. ಬೇರೆ ಕಡೆಗೂ ಅದೇ ದೂರು ಕಳಿಸಿಬಿಟ್ಟರೆ ಗುಟ್ಟಿಗೆ ಅರ್ಥವಿಲ್ಲ. ಮೊದಲನೇ ಹೆಜ್ಜೆಯಲ್ಲಿ ಗುಟ್ಟು ಅಂತ ತೀರ್ಮಾನ ಮಾಡಿದವರಿಗೆ ಇರುವ ಗಟ್ಟಿ ದಾರಿ ಇದು. ರಾಜ್ಯ ಸರ್ಕಾರದ ನೌಕರರ ವಿಷಯಕ್ಕೆ ಇದು ಬರುವುದಿಲ್ಲ.

"ನಮ್ಮಂಥವರನ್ನು ಕಾಪಾಡೋಕೆ ಕಾನೂನು ಇದೆಯಲ್ಲ?" ಅಂತ ತುಂಬ ಜನ ಕೇಳುತ್ತಾರೆ. 2014ರಲ್ಲಿ ಸಂಸತ್ತು ಅಂಥದ್ದೊಂದು ಕಾಯ್ದೆ ಮಾಡಿತು, ರಾಷ್ಟ್ರಪತಿ ಸಹಿಯೂ ಆಯಿತು. ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ. ಹತ್ತು ವರ್ಷ ದಾಟಿತು. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಆ ಕಾಯ್ದೆ ನಂಬಿಕೊಂಡು ಮುಂದೆ ಹೋಗಬೇಡಿ.

ಹೆಜ್ಜೆ 6: ಫೋನ್ ಬಂದಾಗ, ಮನೆಗೆ ಬಂದಾಗ

ಮೊದಲ ಫೋನ್ ಸಿಹಿಯಾಗಿರುತ್ತದೆ. "ಏನಣ್ಣ, ನಮ್ ಹತ್ರನೇ ಹೇಳಿದ್ರೆ ಆಗ್ತಿರ್ಲಿಲ್ವಾ? ಬನ್ನಿ, ಕೂತು ಮಾತಾಡಣ." ಹೋಗಬೇಡಿ. ಹೆದ್ದಾರಿ ಬದಿಯ ಹೋಟೆಲಿಗೆ ಕರೆಯುತ್ತಾರೆ, ಟೇಬಲ್ ಮೇಲೆ ಒಂದು ಕವರ್ ಇಡುತ್ತಾರೆ, ಪಕ್ಕದ ಟೇಬಲಿನಿಂದ ವಿಡಿಯೊ ಆಗುತ್ತದೆ. ಮಾರನೇ ದಿನ ನೀವು "ಹಣಕ್ಕಾಗಿ ಬ್ಲ್ಯಾಕ್‌ಮೇಲ್ ಮಾಡುವ ಆರ್‌ಟಿಐ ಕಾರ್ಯಕರ್ತ". ಸುಲಿಗೆ ಕೇಸು ಬೀಳುತ್ತದೆ. ನಿಮ್ಮ ಚರಂಡಿಯ ಮಾತು ಅಲ್ಲಿಗೆ ಮುಗಿಯಿತು. ಮಾತಾಡಲೇಬೇಕು ಅಂದರೆ ಕಚೇರಿಯಲ್ಲಿ, ಹಗಲು ಹೊತ್ತಲ್ಲಿ, ಇಬ್ಬರು ಜೊತೆಗಿದ್ದಾಗ. ಮಾತು ಮುಗಿದ ಮೇಲೆ "ಇಂದು ನಿಮ್ಮ ಕಚೇರಿಯಲ್ಲಿ ಹೀಗೆ ಮಾತಾಯಿತು" ಅಂತ ಒಂದು ಪತ್ರ ಬರೆದು ಟಪಾಲಿಗೆ ಹಾಕಿ. ಅವರ ಒಂದು ಕಪ್ ಕಾಫಿಯೂ ಬೇಡ.

ಎರಡನೇ ಫೋನ್ ಖಾರ. ಆಗ ವಾದ ಮಾಡಬೇಡಿ. ಕೇಳಿಸಿಕೊಳ್ಳಿ, ಆಗುವುದಾದರೆ ರೆಕಾರ್ಡ್ ಮಾಡಿ. ಫೋನ್ ಇಟ್ಟ ತಕ್ಷಣ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ದಿನಾಂಕ, ಗಂಟೆ, ನಂಬರ್, ಅವರು ಆಡಿದ ಮಾತು ಅವರದೇ ಪದದಲ್ಲಿ, ಪಕ್ಕದಲ್ಲಿ ಯಾರಿದ್ದರು. "ಬೆದರಿಕೆ ಹಾಕಿದರು" ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. "ಮಗಳು ಎಷ್ಟು ಗಂಟೆ ಬಸ್ಸಿಗೆ ಕಾಲೇಜಿಂದ ಬರ್ತಾಳೆ ಅಂತ ನಮಗೆ ಗೊತ್ತು" ಅಂದರು ಅಂತ ಬರೆದರೆ ಓದಿದವರಿಗೆ ಅರ್ಥವಾಗುತ್ತದೆ. ಹಾಳೆ ಹರಿಯದ, ಹೊಲಿದ ನೋಟ್‌ಬುಕ್ ಇರಲಿ.

ಅಪಾಯ ಇದೆ ಅನ್ನಿಸಿದ ದಿನಗಳಲ್ಲಿ ಒಬ್ಬರೇ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಬೇಡಿ. ಹೊರಟಾಗ, ತಲುಪಿದಾಗ ಒಬ್ಬರಿಗೆ ಹೇಳುವ ಅಭ್ಯಾಸ ಮಾಡಿಕೊಳ್ಳಿ. ತಕ್ಷಣಕ್ಕೆ 112.

ಹೆಜ್ಜೆ 7: ಸ್ಟೇಷನ್ನಿಗೆ ಹೋಗುವಾಗ

ಬಾಯಿಮಾತಲ್ಲಿ ಹೇಳಿ ಬರಬೇಡಿ. ಬರೆದ ದೂರು, ಎರಡು ಪ್ರತಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಬೆದರಿಕೆ, ಅಂದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 351, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂಥದ್ದಲ್ಲ. ಅದಕ್ಕೇ ಎಫ್‌ಐಆರ್ ಬದಲು ಎನ್‌ಸಿಆರ್ ಅನ್ನುವ ನೋಂದಣಿ ಮಾತ್ರ ಮಾಡಿ ಕಳಿಸುತ್ತಾರೆ. ಆದರೆ ದಾರಿ ಅಡ್ಡಗಟ್ಟಿದ್ದು, ಮನೆಯೊಳಗೆ ನುಗ್ಗಿದ್ದು ಹಾಗಲ್ಲ, ಅದಕ್ಕೆ ನೇರವಾಗಿ ಎಫ್‌ಐಆರ್ ಆಗಬೇಕು. ಆದ್ದರಿಂದ ನಡೆದದ್ದನ್ನು ಪೂರ್ತಿ ಬರೆಯಿರಿ. ಬೈದದ್ದು ಮಾತ್ರ ಬರೆದು, ಬೈಕ್ ಅಡ್ಡ ನಿಲ್ಲಿಸಿದ್ದನ್ನು ಬಿಡಬೇಡಿ. ನೀವು ಹಾಕಿದ ಅರ್ಜಿಯ ಸಂಖ್ಯೆ, ದಿನಾಂಕ ಕೂಡ ದೂರಿನಲ್ಲಿರಲಿ. ಏಟು ಯಾಕೆ ಬಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಪೆಟ್ಟಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಎಂಎಲ್‌ಸಿ, ಅಂದರೆ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿ. ಮೈಸೂರಿನಲ್ಲಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಾದರೆ ಮಿಮ್ಸ್.

ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4) ಪ್ರಕಾರ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಮೈಸೂರು ನಗರದೊಳಗಾದರೆ ಪೊಲೀಸ್ ಕಮಿಷನರಿಗೆ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಸ್ಟೇಷನ್ನಿನಲ್ಲಿ ಇಬ್ಬರನ್ನೂ ಕೂರಿಸಿ "ರಾಜಿ ಆಗ್ಬಿಡಿ" ಅಂತ ಮುಚ್ಚಳಿಕೆ ಬರೆಸುತ್ತಾರೆ. ಅದರಲ್ಲಿ "ಇನ್ನು ಮುಂದೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ" ಅನ್ನುವ ಒಂದು ಸಾಲು ನುಸುಳಿರುತ್ತದೆ. ಪೂರ್ತಿ ಓದದೆ ಸಹಿ ಹಾಕಬೇಡಿ. "ವಕೀಲರಿಗೆ ತೋರಿಸಿ ಬರ್ತೀನಿ ಸರ್" ಅನ್ನಿ. ಅಷ್ಟು ಹೇಳುವುದಕ್ಕೆ ಧೈರ್ಯ ಬೇಕು ಅಂತ ನನಗೆ ಗೊತ್ತು. ಅದಕ್ಕೇ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ ಅನ್ನುವುದು.

ಹೆಜ್ಜೆ 8: ನಿಮ್ಮ ಮೇಲೆಯೇ ಕೇಸ್ ಬಿದ್ದರೆ

ಕಚೇರಿಯಲ್ಲಿ ಸ್ವಲ್ಪ ದನಿ ಏರಿಸಿದರೂ "ಕರ್ತವ್ಯಕ್ಕೆ ಅಡ್ಡಿ" ಅಂತ ಬಿಎನ್‌ಎಸ್ 132 ಹಾಕುತ್ತಾರೆ. ಇದು ಜಾಮೀನು ಸುಲಭವಾಗಿ ಸಿಗದ ಸೆಕ್ಷನ್. ಅದಕ್ಕೇ ಕಚೇರಿಯ ಒಳಗೆ ಒಬ್ಬರೇ ಹೋಗಬೇಡಿ, ಮೇಜು ಕುಟ್ಟಬೇಡಿ, ಫೈಲು ಮುಟ್ಟಬೇಡಿ. ಕೇಸ್ ಆಗಿದೆ ಅಂತ ಸುಳಿವು ಸಿಕ್ಕರೆ ಊರು ಬಿಟ್ಟು ಓಡಬೇಡಿ. ಅವತ್ತೇ ವಕೀಲರನ್ನು ಕಂಡು ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಬಂಧನವೇ ಮೊದಲ ಹೆಜ್ಜೆ ಆಗಬಾರದು, ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ಸುಪ್ರೀಂ ಕೋರ್ಟ್ 2014ರಲ್ಲೇ ಇದನ್ನು ಗಟ್ಟಿಯಾಗಿ ಹೇಳಿದೆ. ನೋಟಿಸ್ ಬಂದರೆ ತಪ್ಪದೆ ಹೋಗಿ, ಹೋಗಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಕೇಳಿ. ತಪ್ಪಿಸಿಕೊಂಡರೆ ಬಂಧಿಸಲು ಅವರಿಗೆ ಕಾರಣ ಕೊಟ್ಟ ಹಾಗೆ.

ಊರಲ್ಲಿ ಈಗಲೂ "ನೂರಾ ಏಳು ಹಾಕಿಸ್ತೀನಿ" ಅನ್ನುತ್ತಾರೆ. ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಸೆಕ್ಷನ್, ಹೊಸ ಬಿಎನ್‌ಎಸ್‌ಎಸ್‌ನಲ್ಲಿ 126. ಶಾಂತಿ ಕದಡುತ್ತಾರೆ ಅಂತ ತಹಶೀಲ್ದಾರ್ ಮುಂದೆ ಹಾಜರಾಗಿ ಬಾಂಡ್ ಬರೆದುಕೊಡಬೇಕಾಗುತ್ತದೆ. ಇದು ಶಿಕ್ಷೆ ಅಲ್ಲ, ಹೆದರಿಕೊಳ್ಳಬೇಡಿ. ಆದರೆ ಅಲ್ಲೂ ನಿಮ್ಮ ಅರ್ಜಿಯ ದಾಖಲೆ, ನೋಟ್‌ಬುಕ್ ತೋರಿಸಿ ಲಿಖಿತ ಉತ್ತರ ಕೊಡಿ. ಪೂರ್ತಿ ಸುಳ್ಳು ಕೇಸಾದರೆ ಹೈಕೋರ್ಟಿನಲ್ಲಿ ರದ್ದು ಕೋರಬಹುದು. ನಮ್ಮ ಎರಡೂ ಜಿಲ್ಲೆಯವರಿಗೆ ಅದು ಬೆಂಗಳೂರು.

ಹೆಜ್ಜೆ 9: ಕೆಲಸದಲ್ಲಿ ಇರುವವರಿಗೆ

ಸರ್ಕಾರಿ ನೌಕರರಿಗೆ ಬರುವ ಏಟು ವರ್ಗಾವಣೆ, ನೋಟಿಸ್, ಇಲಾಖಾ ವಿಚಾರಣೆ. ಎಲ್ಲಕ್ಕೂ ಲಿಖಿತ ಉತ್ತರ ಕೊಡಿ, ಗಡುವು ತಪ್ಪಿಸಬೇಡಿ. ವರ್ಗಾವಣೆ ಆದೇಶ ದ್ವೇಷದಿಂದ ಬಂದಿದ್ದರೆ ಕೆಎಟಿಗೆ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ದಿನಾಂಕಗಳೇ ಮಾತಾಡುತ್ತವೆ: ದೂರು ಕೊಟ್ಟಿದ್ದು ಯಾವಾಗ, ಆದೇಶ ಬಂದಿದ್ದು ಯಾವಾಗ. ಹಳೆಯ ಒಳ್ಳೆಯ ವರದಿಗಳು, ಮೆಚ್ಚುಗೆ ಪತ್ರಗಳ ಪ್ರತಿ ಮನೆಯಲ್ಲಿರಲಿ.

ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕಂದಿರು ಲೈಂಗಿಕ ಕಿರುಕುಳದ ದೂರು ಕೊಟ್ಟರೆ ಮಾರನೇ ವಾರವೇ "ಟಾರ್ಗೆಟ್ ಆಗಿಲ್ಲ" ಅಂತ ಶುರುವಾಗುತ್ತದೆ. 2013ರ ಕಾಯ್ದೆ ಪ್ರಕಾರ 10 ಜನರಿಗಿಂತ ಕಮ್ಮಿ ಇರುವ ಕಡೆ, ಅಥವಾ ಮಾಲೀಕರ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. 3 ತಿಂಗಳೊಳಗೆ ಕೊಡಬೇಕು. ವಿಚಾರಣೆ ನಡೆಯುವಾಗ ತನ್ನನ್ನು ಅಥವಾ ಆತನನ್ನು ಬೇರೆ ಕಡೆ ಹಾಕಿ, ಅಥವಾ 3 ತಿಂಗಳವರೆಗೆ ರಜೆ ಕೊಡಿ ಅಂತ ಬರಹದಲ್ಲಿ ಕೇಳುವ ಹಕ್ಕು ದೂರು ಕೊಟ್ಟವರಿಗಿದೆ. ದೂರಿನ ದಿನವೇ ಕೇಳಿ, ಆಮೇಲೆ ಅಂತ ಬಿಡಬೇಡಿ.

ಹೆಜ್ಜೆ 10: ಊರು ಮಾತು ಬಿಟ್ಟರೆ

ಕೇಸಿಗಿಂತ ಇದು ಜಾಸ್ತಿ ನೋಯಿಸುತ್ತದೆ. ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ. ಕೂಲಿಗೆ ಯಾರೂ ಬರುವುದಿಲ್ಲ. ಹಬ್ಬಕ್ಕೆ ನಿಮ್ಮ ಮನೆಯಿಂದ ಮಾತ್ರ ವರಿ ಎತ್ತುವುದಿಲ್ಲ, ಅಂದರೆ ನೀವು ಊರಿನ ಲೆಕ್ಕದಲ್ಲಿ ಇಲ್ಲ ಅಂತ. ಅಮ್ಮ ಆ ಸಂಜೆ ಬಾಗಿಲ ಹತ್ತಿರ ದುಡ್ಡು ಕೈಯಲ್ಲಿ ಹಿಡಿದು ಕಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವರಿ ಎತ್ತುವವರು ಪಕ್ಕದ ಮನೆಯವರೆಗೆ ಬಂದು ತಿರುಗಿಕೊಂಡು ಹೋದರು.

ಪರಿಶಿಷ್ಟ ಜಾತಿ, ಪಂಗಡದ ಮನೆಗೆ ಬೇರೆ ಸಮುದಾಯದವರು ಹೀಗೆ ಬಹಿಷ್ಕಾರ ಹಾಕಿದರೆ ಅಥವಾ ಹಾಕುತ್ತೇವೆ ಅಂತ ಹೆದರಿಸಿದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಅಪರಾಧ. ಅವರ ಮೇಲೆ ಸುಳ್ಳು ಕೇಸ್ ಹಾಕುವುದೂ ಅದೇ ಕಾಯ್ದೆಗೆ ಬರುತ್ತದೆ. ದೂರಿನಲ್ಲಿ ಈ ವಿಷಯ ಸ್ಪಷ್ಟವಾಗಿ ಬರೆಯಿರಿ. ಉಳಿದವರು ಯಾರು, ಯಾವ ಕಟ್ಟೆಯಲ್ಲಿ, ಯಾವತ್ತು ಹೇಳಿದರು ಅಂತ ಬರೆದು ತಹಶೀಲ್ದಾರರಿಗೂ ಎಸ್‌ಪಿಗೂ ಕೊಡಿ. ಜೊತೆಗೆ ಒಂದೊಂದೇ ಮನೆಗೆ ಹೋಗಿ ಮಾತಾಡಿ. ಬಹಿಷ್ಕಾರವನ್ನು ಮನಸ್ಸಿನಿಂದ ಒಪ್ಪಿದವರು ಕಮ್ಮಿ, ಹೆದರಿ ಸುಮ್ಮನಿರುವವರೇ ಜಾಸ್ತಿ. ಮೊದಲು ಮುರಿಯುವವರು ಸಾಮಾನ್ಯವಾಗಿ ಹೆಂಗಸರು.

ನಿಮ್ಮ ದೂರು ದೊಡ್ಡ ಕ್ರಿಮಿನಲ್ ಕೇಸಾಗಿ ನೀವು ಸಾಕ್ಷಿಯಾದರೆ ಇನ್ನೊಂದು ದಾರಿ ತೆರೆಯುತ್ತದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯವಾಗುವಂತೆ ಮಾಡಿದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರಿಂದ ಅಪಾಯದ ವರದಿ ತರಿಸಿಕೊಂಡು ಕಾವಲು, ಮನೆ ಹತ್ತಿರ ಗಸ್ತು, ಕೋರ್ಟಿಗೆ ಹೋಗಿಬರಲು ರಕ್ಷಣೆ ಕೊಡಬಹುದು. ನಿಮ್ಮ ಆ ನೋಟ್‌ಬುಕ್ ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ.

ನಮ್ಮ ದಾರಿಯ ಕಲ್ಲು ಹೇಗೆ ಹೋಯಿತು

ಮೊದಲ ವಾರ ನಾನು ಯಾರಿಗೂ ಹೇಳದೆ ಒದ್ದಾಡಿದೆ. ಎರಡನೇ ವಾರ ಒಬ್ಬ ಹಳೆಯ ಮೇಷ್ಟರು, "ಗ್ರಾಮ ನಕಾಶೆ ತೆಗೆಸಿದ್ಯಾ?" ಅಂತ ಕೇಳಿದರು. ತೆಗೆಸಿದೆ. ಗಾಡಿದಾರಿ ಅದರಲ್ಲಿ ಎರಡು ಗೆರೆಯಾಗಿ ಕಾಣುತ್ತಿತ್ತು. ನಕಾಶೆ ಕಂಡ ದಾರಿ ಅಂದರೆ ಅದನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಆ ದಾರಿಯಲ್ಲಿ ಗದ್ದೆ ಇದ್ದ ಹನ್ನೊಂದು ಮನೆಗೆ ಮೇಷ್ಟರೂ ನಾನೂ ಹೋದೆವು. ಏಳು ಮನೆಯವರು ಸಹಿ ಹಾಕಿದರು. ಚರಂಡಿಯ ಎಂ.ಬಿ. ಪುಟವನ್ನೂ ಅವರಿಗೆ ತೋರಿಸಿದೆ. ಆವತ್ತಿನಿಂದ ಅದು ನನ್ನೊಬ್ಬನ ಅರ್ಜಿಯಾಗಿ ಉಳಿಯಲಿಲ್ಲ.

ತಹಶೀಲ್ದಾರರಿಗೆ ಕೊಟ್ಟ ಅರ್ಜಿಗೆ ಸರ್ವೆಯವರು ಬಂದು ಅಳತೆ ಮಾಡಿದರು, ಮಹಜರು ಆಯಿತು. ಅದಾದ ಎರಡನೇ ರಾತ್ರಿಯೇ ಕಲ್ಲು ಸುರಿದವರು ಬಂದು ತುಂಬಿಕೊಂಡು ಹೋದರು. ಬೆಳಿಗ್ಗೆ ಹೋಗಿ ನೋಡಿದರೆ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಗುರುತು ಮಾತ್ರ ಇತ್ತು. ಅಷ್ಟರಲ್ಲಿ ಅರ್ಧ ಕಬ್ಬು ತಲೆಹೊರೆಯಲ್ಲೇ ಹೊರಗೆ ಬಂದಿತ್ತು, ಅದರ ಕೂಲಿ ನಮ್ಮ ತಲೆ ಮೇಲೆ ಬಿತ್ತು. ಉಳಿದರ್ಧಕ್ಕೆ ಅಪ್ಪ ಗಾಡಿ ಕಟ್ಟಿದರು. ನನ್ನನ್ನು ಕರೆದು, "ಬಾ, ಮೂಕಿ ಹಿಡ್ಕೊ" ಅಂದರು.